‘ಯಾಣದ ದನಿ’ ಬರೆದವರಿಗೆ

ಪ್ರಿಯರೇ,

ಶಿರಸಿಯಿಂದ ನೀವು ಕಳುಹಿಸಿದ ‘ಯಾಣದ ದನಿ’ ಲೇಖನ ಓದಿದೆ. ಯಾಣದ ಬಂಡೆಗಳ ಎದುರು ಕೇಳಿದ ಮರುದನಿಯನ್ನು ದನಿಯನ್ನು ಸಂಸ್ಕರಿಸುವ ಎಫ್‌ವಿ-1 ಎಂಬ ಚಿಪ್‌ನಲ್ಲಿ ಪ್ರೋಗ್ರಾಮ್ ಬರೆದು ಮೂಡಿಸಿದ್ದು, ಆ ಚಿಪ್ ಇರುವ ಪೆಟ್ಟಿಗೆಯನ್ನು ಗೆಳೆಯರ ಕೊಳಲಿಗೆ ಜೋಡಿಸಿದ್ದು, ಎಲ್ಲವೂ ಹೊಸ ವಿಷಯ. ಭಾಷೆ ಶುದ್ಧವಾಗಿದೆ. ಚಿಪ್‌ನ ವಿನ್ಯಾಸಕ ಕೀತ್ ಬಾರ್ ಅವರ ಕುರಿತ ಭಾಗ ಚೆನ್ನಾಗಿದೆ, ಹಾಗೆಯೇ ಇರಲಿ. ಆದರೆ ಲೇಖನವನ್ನು ಈ ರೂಪದಲ್ಲಿ ಪ್ರಕಟಿಸಲಾರೆ. ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಏಕೆಂದು ಹೇಳುತ್ತೇನೆ.

ಆ ಪುಟದ ಮೊದಲ ಸಾಲು: “ಈ ಪುಟ್ಟ ಚಿಪ್ ನಾದಸಾಗರವನ್ನೇ ತನ್ನ ಒಡಲಲ್ಲಿ ಹುದುಗಿಸಿಕೊಂಡಿದೆ.” ಇಲ್ಲ. ಅದರ ಸ್ಮೃತಿಯಲ್ಲಿ ಹಿಡಿಸುವುದು ದನಿಯ 32,768 ಮಾದರಿಗಳು, ಅಂದರೆ ದನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದಿಟ್ಟ ಸಂಖ್ಯೆಗಳು, ಒಂದೂ ಹೆಚ್ಚಿಲ್ಲ. ನೀವು ಜೋಡಿಸಿದ ಕ್ರಿಸ್ಟಲ್ ಕೈಗಡಿಯಾರದಲ್ಲಿ ಇರುವಂಥದ್ದೇ. ಸೆಕೆಂಡಿಗೆ 32,768 ಬಾರಿ ಮಿಡಿಯುತ್ತದೆ, ಮಿಡಿತಕ್ಕೊಂದು ಮಾದರಿ. ಹಾಗಾಗಿ ಚಿಪ್‌ಗೆ ನೆನಪಿರುವುದು ಸರಿಯಾಗಿ ಒಂದು ಸೆಕೆಂಡಿನ ದನಿ. ಅಷ್ಟು ಹೊತ್ತಿನಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು 340 ಮೀಟರ್ ಸಾಗುತ್ತದೆ. ಹೋಗಿ ಮರಳಿ ಬರಬೇಕಲ್ಲವೇ? ಅಂದರೆ ಈ ಚಿಪ್ ಒಂದೇ ಸುತ್ತಿನಲ್ಲಿ ತೋರಿಸಬಲ್ಲ ಅತಿ ದೂರದ ಬಂಡೆ 170 ಮೀಟರ್ ಆಚೆಗಿನದು. ನೀವು ಆರಿಸಿಕೊಂಡದ್ದು ಅರ್ಧ ಸೆಕೆಂಡಿನ ವಿಳಂಬ: 85 ಮೀಟರ್ ದೂರದ ಬಂಡೆ. ಇದು ನಿಮಗೆ ಗೊತ್ತಿರುವ ಲೆಕ್ಕವೇ, ಏಕೆಂದರೆ ಜೊತೆಗಿಟ್ಟ ಪ್ರೋಗ್ರಾಮ್‌ನಲ್ಲಿ 32,768ರ ಅರ್ಧವಾದ 16,384 ಎಂಬ ಸಂಖ್ಯೆಯನ್ನು ನೋಡಿದೆ. ಲೇಖನದಲ್ಲಿ ಅದರ ಸುಳಿವೇ ಇಲ್ಲ. ಬಂಡೆಯ ಎದುರು ನಿಂತು ಕೂಗಿದವರೆಲ್ಲರಿಗೂ ತಟ್ಟನೆ ಅರ್ಥವಾಗುವ ಸಂಗತಿಯನ್ನು ನೀವು ಬಚ್ಚಿಟ್ಟಿದ್ದೀರಿ.

ಮುಂದಿನ ಸಾಲು: “ಕ್ಷಣಮಾತ್ರದಲ್ಲಿ ಅಸಂಖ್ಯ ಲೆಕ್ಕಗಳನ್ನು ಮಾಡಿ ಮುಗಿಸುತ್ತದೆ.” ಅಸಂಖ್ಯವಲ್ಲ, 128. ಒಂದು ಮಾದರಿ ಬಂದು ಮತ್ತೊಂದು ಬರುವ ನಡುವಿನ ಅವಧಿ ಸುಮಾರು 30 ಮೈಕ್ರೋಸೆಕೆಂಡ್. ಅಷ್ಟರೊಳಗೆ ಮೇಲಿನಿಂದ ಕೆಳಗಿನವರೆಗೆ ಹೆಚ್ಚೆಂದರೆ 128 ಸೂಚನೆಗಳು ನಡೆಯುತ್ತವೆ. ಹಿಂದಕ್ಕೆ ಜಿಗಿಯಲು ದಾರಿಯಿಲ್ಲ. ನಿಮ್ಮ ಪ್ರೋಗ್ರಾಮ್ ಈ ಮಿತಿಯ ಅಂಚಿನವರೆಗೆ ಬಂದಿದೆ. ಅದರ ಕೊನೆಯಲ್ಲಿ ಒಂದು ಶೋಧಕದ ಸಾಲುಗಳನ್ನು ಅಳಿಸದೆ, ಚಿಪ್‌ಗೆ ತಲುಪದಂತೆ ಮಾಡಿ ಹಾಗೆಯೇ ಉಳಿಸಿದ್ದೀರಿ. ಮರುದನಿ ಸುತ್ತು ಹೊಡೆದಂತೆ ಅದರ ಕೀರಲು ಅಂಶ ಕುಗ್ಗುತ್ತ ಹೋಗಲೆಂದು ಬರೆದ ಸಾಲುಗಳವು. ಅಷ್ಟು ಇಷ್ಟಪಟ್ಟು ಬರೆದದ್ದನ್ನು ಏಕೆ ಕೈಬಿಟ್ಟಿರಿ? ಅದರ ಬದಲು ಏನನ್ನು ಉಳಿಸಿಕೊಂಡಿರಿ? ಮಿತಿಯೊಳಗೆ ಆಯ್ಕೆ ಮಾಡಿದ ಆ ಕಷ್ಟವೇ ನನಗೆ ಬೇಕಿತ್ತು. ‘ಅಸಂಖ್ಯ’ ಎಂದು ಬರೆದ ಕೂಡಲೇ ಅದೆಲ್ಲ ಮುಚ್ಚಿಹೋಯಿತು.

ಅದರ ಬೆನ್ನಿಗೇ ಬರುವ ಸಾಲು ನನ್ನನ್ನು ನಿಜಕ್ಕೂ ನೋಯಿಸಿತು: “ತಾಂತ್ರಿಕ ವಿವರಗಳಿಂದ ಓದುಗರಿಗೆ ಬೇಸರ ತರಿಸಲಾರೆ.” ಯಾರು ಈ ಓದುಗರು? ಮಳೆಗಾಲಕ್ಕೆ ಮುನ್ನ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಅಳೆದು ಬೋರ್ಡೋ ದ್ರಾವಣ ಕಲಸುವವರು. ಹದ ತಪ್ಪಿದರೆ ಅಡಿಕೆಗೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿಯಿಡೀ ತಾಳಮದ್ದಳೆಗೆ ಕುಳಿತು ವಾದದ ಒಂದು ಎಳೆಯನ್ನೂ ಬಿಡದೆ ಹಿಡಿದುಕೊಳ್ಳುವವರು. ಇಂಥವರಿಗೆ 128 ಮತ್ತು 85 ಮೀಟರ್ ಬೇಸರ ತರಿಸುತ್ತದೆಯೇ? ಬೇಸರ ಬರುವುದು ನಾದಸಾಗರದಿಂದ, ಏಕೆಂದರೆ ಅದನ್ನು ಅವರು ನೂರು ಕಡೆ ಓದಿದ್ದಾರೆ.

ನಾನು ಕೆಲಸ ಕಲಿತದ್ದು ಕಾರವಾರದ ಒಂದು ವಾರಪತ್ರಿಕೆಯಲ್ಲಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಲ್ಲಿಗೆ ಹೋಗಿದ್ದೆ. ಬಂದ ಬರಹಗಳನ್ನು ಹಿರಿಯ ಸಂಪಾದಕರ ಪಕ್ಕ ಕುಳಿತು ಗಟ್ಟಿಯಾಗಿ ಓದಿಹೇಳುವುದೇ ನನ್ನ ಮೊದಲ ಕೆಲಸ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಡಲನ್ನೇ ಕಾಣದವನೂ ಬರೆಯಬಹುದಾದ ವಾಕ್ಯ ಬಂದರೆ ಕೈಯೆತ್ತುತ್ತಿದ್ದರು. ನಾನು ಅದರ ಕೆಳಗೆ ಗೆರೆ ಎಳೆಯಬೇಕು. ದಡದಿಂದ ಎಳೆಯುವ ರಂಪಣಿ ಬಲೆಯ ಬಗ್ಗೆ ಒಮ್ಮೆ ಯಾರೋ ಬರೆದು ಕಳುಹಿಸಿದ್ದರು: ಸೂರ್ಯೋದಯ, ಬೆಳ್ಳಿಯಂತೆ ಹೊಳೆಯುವ ಮೀನು, ಶ್ರಮಜೀವಿಗಳ ಹಾಡು. ಪುಟದ ತುಂಬ ಗೆರೆಗಳಾದವು. ಸಂಪಾದಕರು ನನ್ನನ್ನು ಬೈತಕೋಲ್ ಕಡೆ ಕಳುಹಿಸಿ, ದೋಣಿ ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ಬರುವಾಗ ದಡದಲ್ಲಿರುವವರು ಹಗ್ಗವನ್ನು ಯಾವಾಗ ಬಿಗಿ ಹಿಡಿಯುತ್ತಾರೆ, ಯಾವಾಗ ಸಡಿಲ ಬಿಡುತ್ತಾರೆ ಎಂಬುದನ್ನಷ್ಟೇ ನೋಡಿಕೊಂಡು ಬಾ ಎಂದರು. ಎಳೆಯುವವರ ಸಾಲಿನಲ್ಲಿ ನಿಂತೆ. ಎರಡೂ ತುದಿ ಒಂದೇ ವೇಗದಲ್ಲಿ ಬರಬೇಕೆಂದು ನನಗೆ ಅಲ್ಲಿ ಗದರಿಸಿ ಹೇಳಿದವರ ಮಾತೇ ಕೊನೆಗೆ ಆ ವಾರದ ಬರಹದ ಮೊದಲ ವಾಕ್ಯವಾಯಿತು. ಗೆರೆ ಎಳೆಯುವ ಅಭ್ಯಾಸ ನನಗೆ ಈಗಲೂ ಉಳಿದಿದೆ. ನಿಮ್ಮ ಮೂರನೆಯ ಪುಟದಲ್ಲಿ ಗೆರೆಯಿಲ್ಲದೆ ಉಳಿದದ್ದು ಒಂದೇ ವಾಕ್ಯ, ಅದೂ ಅರೆಬರೆಯಾಗಿ.

ಆ ವಾಕ್ಯ ಇದು: “ಮೊದಮೊದಲು ದನಿ ಒಡೆಯುತ್ತಿತ್ತು, ಆಮೇಲೆ ಸರಿಹೋಯಿತು.” ಇಷ್ಟೇ. ಆದರೆ ನನಗೆ ಬರೆದ ಪತ್ರದಲ್ಲಿ ನೀವು ಹೇಳಿದ್ದೀರಿ: “ಚಂಡೆಯಲ್ಲಿ ಪರೀಕ್ಷಿಸಿದಾಗ ಚೆನ್ನಾಗಿತ್ತು, ಕೊಳಲಿನಲ್ಲಿ ಒಡೆಯಿತು. ರಾತ್ರಿಯೆಲ್ಲ ಬೆಸುಗೆಯನ್ನೇ ಅನುಮಾನಿಸಿದೆ.” ಇಡೀ ಬರಹದ ಜೀವ ಇಲ್ಲಿದೆ, ಅದನ್ನು ಪತ್ರದಲ್ಲಿ ಬಿಟ್ಟಿರಿ! ಪ್ರೋಗ್ರಾಮ್ ಓದಿ ನಾನೇ ಬಿಡಿಸಿಕೊಂಡೆ. ಅರ್ಧ ಸೆಕೆಂಡಿನ ಹಿಂದಿನ ದನಿಯನ್ನು 0.7ರಿಂದ ಗುಣಿಸಿ ಮತ್ತೆ ಒಳಗೆ ಕಳುಹಿಸುತ್ತೀರಿ. ಮೊದಲ ಸುತ್ತಿಗೆ 0.7, ಮುಂದಿನದಕ್ಕೆ 0.49, ಆಮೇಲೆ 0.34, ಒಂದೇ ಸೆಕೆಂಡಿನ ನೆನಪಿರುವ ಚಿಪ್ ಹಲವು ಸೆಕೆಂಡುಗಳ ಮರುದನಿ ಕೊಡುವುದು ಹೀಗೆ. ಚಂಡೆಯ ಪೆಟ್ಟು ಅರ್ಧ ಸೆಕೆಂಡ್ ಕಳೆದು ಮರಳುವಷ್ಟರಲ್ಲಿ ಮೂಲ ಪೆಟ್ಟು ಅಡಗಿರುತ್ತದೆ. ಕೊಳಲಿನ ಸ್ವರ ಹಾಗಲ್ಲ, ಅದು ಇನ್ನೂ ನಿಂತೇ ಇರುತ್ತದೆ. ನಿಂತ ಸ್ವರದ ಮೇಲೆ ಅದರದೇ ಮರುದನಿ, ಅದರ ಮೇಲೆ ಇನ್ನೊಂದು. ಅಲೆಗಳು ಒಂದಕ್ಕೊಂದು ಹೊಂದಿ ಕೂಡಿಕೊಂಡರೆ ಮೂಲಕ್ಕಿಂತ ಮೂರು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಚಿಪ್‌ನೊಳಗಿನ ಸಂಖ್ಯೆಯಾದರೋ 1ನ್ನು ದಾಟುವಂತಿಲ್ಲ. ದಾಟಲು ಹೊರಟ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಕಿವಿಗೆ ದನಿ ಒಡೆದಂತೆ ಕೇಳುತ್ತದೆ. ಬೆಸುಗೆ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಆಮೇಲೆ ನೀವು ಸೇರಿಸಿದ್ದು ಒಂದೇ ಒಂದು ಸಾಲು: ಒಳಬರುವ ದನಿಯನ್ನು 0.3ರಿಂದ ಗುಣಿಸುವುದು. ಕೂಡುತ್ತ ಹೋಗುವ ಮರುದನಿಗಳ ಒಟ್ಟು ಮೊತ್ತ ಸಿಗುವುದು, ಒಳಬಂದದ್ದನ್ನು 1ರಿಂದ 0.7 ಕಳೆದು ಉಳಿದ 0.3ರಿಂದ ಭಾಗಿಸಿದಾಗ. ಆ 0.3ರಿಂದ ಈ 0.3ನ್ನು ಭಾಗಿಸಿದರೆ 1, ಅಂದರೆ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ. ಇದನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಲೆಕ್ಕ ಹಾಕಿ ಅಲ್ಲಿಗೆ ಮುಟ್ಟಿದಿರೋ, ಕಿವಿಗೊಟ್ಟು ಕೇಳುತ್ತ ಸಂಖ್ಯೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಮುಟ್ಟಿದಿರೋ? ಎರಡರಲ್ಲಿ ಯಾವುದಾದರೂ ಬರೆಯಲೇಬೇಕಾದದ್ದು.

ಲೇಖನದ ಉಳಿದ ಭಾಗಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಮೂರನೆಯ ಪುಟವನ್ನು ತೆಗೆದುಹಾಕಿ, ಪತ್ರದಲ್ಲಿನ ಆ ಎರಡು ವಾಕ್ಯಗಳಿಂದ ಹೊಸದಾಗಿ ಆರಂಭಿಸಿ. ಉದ್ದವಾದರೆ ಚಿಂತೆಯಿಲ್ಲ, ಜಾಗ ಮಾಡಿಕೊಡುತ್ತೇನೆ. ಪ್ರೋಗ್ರಾಮ್‌ನ 0.3ರ ಸಾಲನ್ನು ಹಾಗೆಯೇ ಅಚ್ಚು ಹಾಕಿಸೋಣ. ನಿಮ್ಮ ಗೆಳೆಯರು ಸ್ವರವನ್ನು ಎಷ್ಟು ಹೊತ್ತು ಹಿಡಿದಾಗ ದನಿ ಒಡೆಯಲು ಶುರುವಾಯಿತು ಎಂಬುದನ್ನು ಅವರನ್ನೇ ಕೇಳಿ ಸೇರಿಸಿ.