ಸಂಬಳವಿಲ್ಲದ ಫೈರ್ ಕಂಪನಿಗೆ ವಿಮೆ ಇಷ್ಟು ದುಬಾರಿ ಯಾಕೆ?

ಫೈರ್ ಕಂಪನಿ, ಅಂದರೆ ಸ್ವಯಂಸೇವಕರ ಅಗ್ನಿಶಾಮಕ ದಳಕ್ಕೆ, ಕೆಲಸದಲ್ಲಿ ಗಾಯ-ಕಾಯಿಲೆ ಆದರೆ ಪರಿಹಾರ ಕೊಡುವ ವಿಮೆ ತುಂಬ ದುಬಾರಿ, ಖಾಸಗಿಯವರು ಕೋಟೇ ಕೊಡುತ್ತಿಲ್ಲ ಅಂತ ಕೇಳಿದ್ದಿರಿ. ಪೆನ್ಸಿಲ್ವೇನಿಯಾದ ನಿಮ್ಮ ಟೌನ್‌ಶಿಪ್‌ಗೆ (ಸ್ಥಳೀಯ ಆಡಳಿತಕ್ಕೆ) ಖಾಸಗಿ ವಿಮೆಯವರು ಕೋಟ್ ಕೊಡದಿರಲು ಕಾರಣ ಬಹುಶಃ 2011ರ ಆಕ್ಟ್ 46 ಎಂಬ ರಾಜ್ಯದ ಕಾನೂನು. ಬೆಂಕಿ ಆರಿಸುವವರ ಕ್ಯಾನ್ಸರನ್ನು ಕೆಲಸದಿಂದ ಬಂದ ಕಾಯಿಲೆಯ ಪಟ್ಟಿಗೆ ಅದು ಸೇರಿಸಿತು, ಸ್ವಯಂಸೇವಕರಿಗೂ ಸೇರಿ. ಆಮೇಲೆ ಹಲವು ವಿಮಾ ಕಂಪನಿಗಳು ಹಿಂದೆ ಸರಿದವು.

ಸಂಬಳವೇ ಇಲ್ಲದವರಿಗೆ ಪ್ರೀಮಿಯಂ ಲೆಕ್ಕ ಹೇಗೆ ಅಂದಿರಿ. ಅಲ್ಲಿ ಲೆಕ್ಕ ಸಂಬಳದ ಮೇಲಲ್ಲ, ಫೈರ್ ಕಂಪನಿಯ ವ್ಯಾಪ್ತಿಯಲ್ಲಿರುವ ಜನಸಂಖ್ಯೆಯ ಮೇಲೆ. ಹಾಗಾಗಿ ಮೊದಲು ಪಾಲಿಸಿಯಲ್ಲಿರುವ ಜನಸಂಖ್ಯೆಯನ್ನು 2020ರ ಜನಗಣತಿಯ ಜೊತೆ ತಾಳೆ ನೋಡಿ. ನಮ್ಮದರಲ್ಲಿ ಪಕ್ಕದ ಊರಿನವರೂ ಸೇರಿಹೋಗಿದ್ದರು! ತಪ್ಪಿದ್ದರೆ ಏಜೆಂಟರಿಗೆ ಬರಹದಲ್ಲೇ ತಿಳಿಸಿ. ಆಮೇಲೆ ರಾಜ್ಯ ಸರ್ಕಾರದ ವಿಮಾ ನಿಧಿ 'ಸ್ವಿಫ್'ನಿಂದ ಕೋಟ್ ತರಿಸಿ. ಎಷ್ಟು ಉಳಿಯುತ್ತೆ ಅಂತ ಪಾಲಿಸಿ ನೋಡದೆ ಹೇಳಲಾರೆ. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಮಾತ್ರ ಬಿಡಬೇಡಿ.