48 ಮೆಗಾಪಿಕ್ಸೆಲ್ ಅಂದ ಕೂಡಲೇ ದುಡ್ಡು ಕಟ್ಟಬೇಡಿ

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ, ರೇಷ್ಮೆ ಬೆಳೀತೀವಿ. ಪಿಯುಸಿ ಓದುವ ಮಗಳಿಗೆ ಹುಳು, ಗೂಡು, ಹಕ್ಕಿ ಫೋಟೊ ತೆಗೆಯುವ ಆಸೆ. ಆನ್‌ಲೈನ್‌ನಲ್ಲಿ 4,500 ರೂಪಾಯಿಗೆ ಹೊಸ ಕ್ಯಾಮೆರಾ ಇದೆ. 48 ಮೆಗಾಪಿಕ್ಸೆಲ್, 16 ಪಟ್ಟು ಡಿಜಿಟಲ್ ಜೂಮ್ ಅಂತೆ. ತಗೊಳ್ಳಬಹುದಾ?

ಬೇಡ. ದಯವಿಟ್ಟು ಬೇಡ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತಿದೆ. ಮೊನ್ನೆ ಒಬ್ಬ ಹುಡುಗಿ ಇಂಥದ್ದೇ ಕ್ಯಾಮೆರಾ ಹಿಡಿದು ಚಿಕ್ಕಬಳ್ಳಾಪುರದ ನನ್ನ ಅಂಗಡಿಗೆ ಬಂದಿದ್ದಳು. "ಫೋಕಸ್ ಆಗ್ತಿಲ್ಲ ಅಂಕಲ್, ಸರಿ ಮಾಡಿಕೊಡಿ" ಅಂದಳು. ಬಿಚ್ಚಿ ನೋಡಿದರೆ ಫೋಕಸ್ ಮಾಡುವ ಭಾಗವೇ ಇಲ್ಲ! ಲೆನ್ಸ್ ಒಂದೇ ಕಡೆ ಕೂತಿದೆ. ಎರಡು ಮೀಟರ್ ದೂರ ನಿಂತ ಮನುಷ್ಯ ಸುಮಾರಾಗಿ ಬರುತ್ತಾನೆ. ಹತ್ತಿರದಿಂದ ತೆಗೆದರೆ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಮೇಲಿನ ಹುಳು ಬರೀ ಬಿಳಿ ಮಬ್ಬು. ಆ ಮಗುವಿನ ಮುಖ ನೋಡಿ ನನಗೇ ಸಂಕಟ ಆಯಿತು.

48 ಮೆಗಾಪಿಕ್ಸೆಲ್, ಅಂದರೆ ಫೋಟೊದಲ್ಲಿ ಸುಮಾರು 4.8 ಕೋಟಿ ಚುಕ್ಕೆ, ಅನ್ನೋದೂ ಹಾಗೇ. ಇಂಥ ಕ್ಯಾಮೆರಾಗಳ ಸೆನ್ಸರ್ (ಬೆಳಕನ್ನು ಚಿತ್ರ ಮಾಡುವ ಚಿಪ್) ಹಿಡಿಯುವುದು ಅದಕ್ಕಿಂತ ತುಂಬಾ ಕಡಿಮೆ. ಮಿಕ್ಕಿದ್ದನ್ನು ಸಾಫ್ಟ್‌ವೇರ್ ಸುಮ್ನೆ ತುಂಬಿಸುತ್ತದೆ. ಅಷ್ಟಕ್ಕೂ 4x6 ಇಂಚಿನ ಒಳ್ಳೆ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ಲಿಗಿಂತ ಚೂರು ಜಾಸ್ತಿ, 8x12ಕ್ಕೆ ಒಂಬತ್ತು ಇದ್ದರೆ ಸಾಕು. ಡಿಜಿಟಲ್ ಜೂಮ್ ಅಂದರೆ ಫೋಟೊದ ನಡುಭಾಗ ಕತ್ತರಿಸಿ ಹಿಗ್ಗಿಸೋದು. 16 ಪಟ್ಟು ಎಳೆದರೆ ಉಳಿಯೋದು ಚಿತ್ರದ 256ರಲ್ಲಿ ಒಂದು ಪಾಲು. ಇದನ್ನು ಜೂಮ್ ಅಂತ ಮಾರುವುದು ಮೋಸ.

ನಿಮ್ಮ ಫೋನ್ ಚೆನ್ನಾಗಿದ್ದರೆ ಮಗಳು ಅದರಲ್ಲೇ ಕಲಿಯಲಿ. ಕ್ಯಾಮೆರಾನೇ ಬೇಕು ಅಂದರೆ ಕ್ಯಾನನ್ ಇಕ್ಸಸ್, ನಿಕಾನ್ ಕೂಲ್‌ಪಿಕ್ಸ್, ಸೋನಿ ಸೈಬರ್‌ಶಾಟ್ ಥರದ್ದು ಸೆಕೆಂಡ್ ಹ್ಯಾಂಡ್ ಹುಡುಕಿ. ಮಗಳನ್ನು ಕರೆದುಕೊಂಡು ಹೋಗಿ, ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳಿ. ಲೆನ್ಸ್ ಸುತ್ತ ಬರೆದಿರುವ ಅಂಕಿ ಓದಿ. 5.0-40.0 ಅಂತಿದ್ದರೆ 40ನ್ನು 5ರಿಂದ ಭಾಗಿಸಿ: ಎಂಟು ಪಟ್ಟು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಮಾಡುವ ನಿಜವಾದ ಜೂಮ್. ಲೆನ್ಸ್ ಕರಕರ ಸದ್ದಿಲ್ಲದೆ ಹೊರಗೆ ಬಂದು ಒಳಗೆ ಹೋಗಬೇಕು. ಪೂರ್ತಿ ಜೂಮ್ ಮಾಡಿ ಬಿಳಿ ಗೋಡೆಯ ನಾಲ್ಕು ಫೋಟೊ ತೆಗೆಯಿರಿ. ನಾಲ್ಕರಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಸೆನ್ಸರ್ ಮೇಲೆ ಧೂಳು ಕೂತಿದೆ, ಬಿಟ್ಟು ಬನ್ನಿ. ಬ್ಯಾಟರಿ ಊದಿದ್ದರೂ ಬೇಡ.

ಜೇಬಿನಲ್ಲಿ ಒಂದು ರೇಷ್ಮೆ ಗೂಡು ಇಟ್ಟುಕೊಂಡು ಹೋಗಿ. ಹೂವಿನ ಗುರುತಿನ ಮ್ಯಾಕ್ರೊ (ತೀರಾ ಹತ್ತಿರದ ಫೋಟೊಗೆ ಇರುವುದು) ಆನ್ ಮಾಡಿ, ಜೂಮ್ ಪೂರ್ತಿ ಹಿಂದಕ್ಕೆ ತಂದು, ಗೂಡಿನ ಹತ್ತಿರ ಹಿಡಿದು ಬಟನ್ ಅರ್ಧ ಒತ್ತಿ. ಫೋಕಸ್ ಆಯಿತು ಅನ್ನುವ ಹಸಿರು ಚೌಕ ಬರಬೇಕು. ತೆಗೆದ ಫೋಟೊ ದೊಡ್ಡದು ಮಾಡಿದರೆ ನೂಲಿನ ಎಳೆಗಳು ಕಾಣಬೇಕು. ಕಂಡರೆ ದುಡ್ಡು ಕೊಡಿ.

ಹುಳು ಮನೆಯಲ್ಲಿ ಬೆಳಕು ಕಡಿಮೆ, ಅಲ್ವಾ? ಕ್ಯಾಮೆರಾವನ್ನು ಯಾವುದಾದರೂ ಗಟ್ಟಿ ಜಾಗದಲ್ಲಿ ಊರಿ, ಎರಡು ಸೆಕೆಂಡಿನ ಟೈಮರ್ ಹಾಕಲಿ. ಹಕ್ಕಿಗೆ ಎಂಟು ಪಟ್ಟು ಸಾಲದು. ಸದ್ಯಕ್ಕೆ ಹುಳುವಿನಿಂದಲೇ ಶುರು ಮಾಡಲಿ.

ಪ್ರಶ್ನೆ: ಹೊಸ ಬ್ಯಾಟರಿ ಮೊದಲ ಸಲ 12 ಗಂಟೆ ಚಾರ್ಜ್ ಮಾಡಬೇಕಾ?

ಬೇಡ. ಇದು ಲಿಥಿಯಂ ಬ್ಯಾಟರಿ, ತುಂಬಿದ ಮೇಲೆ ತೆಗೆದುಬಿಡಿ.

ಪ್ರಶ್ನೆ: ಲೆನ್ಸ್ ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಹೋಗುತ್ತಾ?

ಗೀರು ಹೋಗಲ್ಲ, ಲೆನ್ಸಿನ ಕೋಟಿಂಗ್ ಹೋಗುತ್ತೆ. ಇದನ್ನು ಹೇಳಿಕೊಟ್ಟವರ ಕೈಗೆ ಕ್ಯಾಮೆರಾ ಕೊಡಲೇಬೇಡಿ.

ಪ್ರಶ್ನೆ: ನಂದಿ ಬೆಟ್ಟದ ಮಂಜಿನಲ್ಲಿ ಲೆನ್ಸ್ ಒಳಗೆ ಮಬ್ಬು ಕಟ್ಟಿದೆ. ಒಲೆ ಹತ್ತಿರ ಇಡಲಾ?

ಒಲೆನೂ ಬೇಡ, ಹೇರ್ ಡ್ರೈಯರೂ ಬೇಡ. ಬ್ಯಾಟರಿ, ಕಾರ್ಡ್ ತೆಗೆದು ನೆರಳಲ್ಲಿ ಒಣಗಲು ಇಡಿ. ಮಬ್ಬು ಪೂರ್ತಿ ಹೋಗುವ ತನಕ ಆನ್ ಮಾಡಬೇಡಿ.