ಅತ್ತೆಯವರಿಗೆ ಓದು ಬರುವುದಿಲ್ಲ, ಸರಿ

ಪತ್ರ: ನನ್ನ ಅತ್ತೆಯವರಿಗೆ 68 ವರ್ಷ. ಗದಗ ಕಡೆಯ ಹಳ್ಳಿಯವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎರಡು ವರ್ಷದಿಂದ ದಾಪೋಡಿಯ ನಮ್ಮ ಮನೆಯಲ್ಲೇ ಇದ್ದಾರೆ. ದಿನಾ ರಾತ್ರಿ ನನ್ನ ಮಗಳು ಮಾರ್ಕನ ಸುವಾರ್ತೆ ಓದುತ್ತಾಳೆ, ಅವರು ಕೇಳುತ್ತಾರೆ. ಮಗಳದು ಮರಾಠಿ ಶಾಲೆ. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ತಪ್ಪಿದಲ್ಲಿ ಅಜ್ಜಿಯೇ ತಿದ್ದುತ್ತಾರೆ. ಈಗ ಅವರು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೇಳುತ್ತಿದ್ದಾರೆ. ನಮ್ಮ ಸಭೆಯ ಹಿರಿಯರೊಬ್ಬರು, "ಸತ್ಯವೇದವನ್ನು ಒಮ್ಮೆಯೂ ತೆರೆದು ಓದದವರ ನಂಬಿಕೆ ಗಿಳಿಪಾಠವಲ್ಲವೇ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಮೊಬೈಲಿನಲ್ಲಿ ಆಡಿಯೋ ಬೈಬಲ್ ಹಾಕಿಕೊಟ್ಟರೆ ಆ ಕೊರತೆ ತುಂಬೀತೇ?
ಒಬ್ಬ ಓದುಗ, ಪುಣೆ

ಸಂಪಾದಕರ ಉತ್ತರ:

ಪ್ರಿಯ ಸಹೋದರರೇ, ಕರ್ತನ ನಾಮದಲ್ಲಿ ವಂದನೆ.

ನಿಮ್ಮ ಪತ್ರದ ಅಂಚಿನಲ್ಲಿ, ಸಹಿಯ ಪಕ್ಕ ಒತ್ತೊತ್ತಾಗಿ ಬರೆದ ಸಾಲುಗಳನ್ನು ಮೇಲೆ ಅಚ್ಚುಹಾಕಿಲ್ಲ. ಬೇಕೆಂದೇ ಇಲ್ಲಿಗೆ ಉಳಿಸಿಕೊಂಡೆ. ಯೆರಿಕೋವಿನ ದಾರಿಬದಿಯ ಕುರುಡ ಬಾರ್ತಿಮಾಯ ಹೊದ್ದದ್ದನ್ನು ಬಿಸುಟು ಯೇಸುವಿನ ಕಡೆಗೆ ಬಂದನೆಂಬಲ್ಲಿ ಅತ್ತೆಯವರು ಮೊಮ್ಮಗಳನ್ನು ತಡೆದರಂತೆ: "ನಿಲ್ಲವಾ. ಕಣ್ಣ ಬರೂಕಿಂತ ಮೊದಲ ಕಂಬಳಿ ಒಗದಾನ. ಕಣ್ಣ ಬರದ ಇದ್ದಿದ್ರ ಅದನ್ನ ಹೊಳ್ಳಿ ಹುಡುಕೂದ ಹ್ಯಾಂಗ?"

ಮಾರ್ಕನ ಹತ್ತನೆಯ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಎರಡು ಸಲ ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೇನೆ. ಆ ಕಂಬಳಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಭಿಕ್ಷೆ ಬೇಡುವವನಿಗೆ ಇದ್ದಬಿದ್ದ ಆಸ್ತಿ ಅದೊಂದೇ. ದೃಷ್ಟಿ ಬರುವ ಮೊದಲೇ ಅದನ್ನು ಕೈಬಿಟ್ಟ. ನಂಬಿಕೆ ಎಂದರೆ ಏನೆಂದು ನಿಮ್ಮ ಹಿರಿಯರು ಕೇಳಿದರೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿಯಂತೂ ಇಲ್ಲ. ಗಿಳಿಗೆ ಇಂಥ ಪ್ರಶ್ನೆ ಹುಟ್ಟುವುದಿಲ್ಲ. ಇನ್ನೊಂದು ಮಾತು: ಬಾರ್ತಿಮಾಯ ಯೇಸುವನ್ನು ನೋಡಿ ಕೂಗಿದವನಲ್ಲ. ಹೋಗುತ್ತಿರುವವನು ನಜರೇತಿನ ಯೇಸು ಎಂದು ಕಿವಿಗೆ ಬಿದ್ದದ್ದಕ್ಕೆ ಕೂಗಿದವನು.

ಹಿರಿಯರ ಮೇಲೆ ಸಿಟ್ಟಾಗಬೇಡಿ. ಅವರ ಮಾತಿಗೂ ಒಂದು ಹಿನ್ನೆಲೆಯಿದೆ. ಸ್ವಿಟ್ಜರ್ಲೆಂಡಿನಿಂದ ಸುವಾರ್ತೆ ಸಾರಲು ಬಂದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಚರ್ಚಿನ ಜೊತೆಗೇ ಶಾಲೆಯನ್ನೂ ತೆರೆದರು. ಅಲ್ಲಿಂದ ಕ್ರೈಸ್ತರ ಮನೆ ಎಂದರೆ ಓದುಬರಹದ ಮನೆ ಎಂಬ ಹೆಮ್ಮೆ ನಮಗೆ ಅಂಟಿತು. ಒಳ್ಳೆಯ ಹೆಮ್ಮೆಯೇ. ಆದರೆ ಅಕ್ಷರವೇ ನಂಬಿಕೆಯ ಹೊಸ್ತಿಲು ಎಂದು ಯಾವಾಗಲೋ ಅಂದುಕೊಂಡುಬಿಟ್ಟೆವು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯ ತೆಗೆದು ನೋಡಿ. ಕೇಳದೆ ಹೇಗೆ ನಂಬಿಯಾರು ಎನ್ನುತ್ತಾನೆ, ಓದದೆ ಹೇಗೆ ಎನ್ನುವುದಿಲ್ಲ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಮೊದಲ ಅಧ್ಯಾಯದ ಮೂರನೆಯ ವಚನದಲ್ಲಿ ಓದುವವನು ಒಬ್ಬ, ಕೇಳುವವರು ಹಲವರು, ಧನ್ಯರೆನಿಸಿಕೊಳ್ಳುವವರು ಇಬ್ಬಗೆಯವರೂ. ಆ ಕಾಲದ ಸಭೆ ಇದ್ದದ್ದೇ ಹಾಗೆ. ಒಬ್ಬರ ಕೈಯಲ್ಲಿ ಸುರುಳಿ, ಉಳಿದವರ ಪಾಲಿಗೆ ಕಿವಿ.

ಸುಮಾರು 270ರಲ್ಲಿ ಈಜಿಪ್ಟಿನ ಅಂತೋಣಿ ಎಂಬ ತರುಣ ಚರ್ಚಿಗೆ ಹೋದಾಗ ಮತ್ತಾಯನ ಸುವಾರ್ತೆ ಓದುತ್ತಿದ್ದರು. ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಎಂಬ ಮಾತು ತನಗೇ ಹೇಳಿದ್ದೆಂದು ಎದ್ದು ಹೋಗಿ ಹಾಗೆಯೇ ಮಾಡಿದ. ಅವನು ಅಕ್ಷರ ಕಲಿಯಲೇ ಇಲ್ಲ ಎಂದು ಅವನ ಚರಿತ್ರೆ ಬರೆದ ಅಥನೇಷಿಯಸ್ ಹೇಳುತ್ತಾನೆ. ಸನ್ಯಾಸಿಗಳ ಮೂಲಪುರುಷ ಎಂದು ಸಭೆ ಕರೆಯುವುದು ಇವನನ್ನೇ.

ಹಾಗಂತ ಕಿವಿಗೆ ಬಿದ್ದದ್ದೆಲ್ಲ ಒಳಗಿಳಿಯುತ್ತದೆ ಎಂದಲ್ಲ. ನಮ್ಮ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಆಸರೆಯಾಗಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಇದನ್ನು ಬಲ್ಲವರಾಗಿದ್ದರು. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಾಯಿಯ ಬಾಯಿಂದ ಕೇಳಿಯೇ ಸಂಸ್ಕೃತ ಕಲಿತರು. ಊರೂರು ಅಲೆದು ಪುರಾಣ ಓದುವುದು ಮನೆತನದ ಜೀವನೋಪಾಯವಾಗಿತ್ತು. ಸಂಸ್ಕೃತ ಶ್ಲೋಕಗಳು ಕೇಳುವವರಿಗೆ ತಿಳಿಯುತ್ತಿರಲಿಲ್ಲ, ವಿವರಿಸಲೇಬೇಕೆಂಬ ಕಟ್ಟೂ ಇರಲಿಲ್ಲ, ಕಿವಿಗೆ ಬಿದ್ದರೆ ಪುಣ್ಯ ಎಂದಷ್ಟೇ ಇತ್ತು ಎಂದು ಮುಂದೆ ಅವರೇ ಬರೆದಿದ್ದಾರೆ. ಸುವಾರ್ತೆ ಅವರ ಕೈಗೆ ಸಿಕ್ಕಿದ್ದು ಪುಸ್ತಕವಾಗಿಯೇ: ಬಂಗಾಳಿ ಭಾಷೆಯ ಲೂಕ. ಆದರೂ ಕೊನೆಗಾಲದ ವರ್ಷಗಳನ್ನೆಲ್ಲ, 1922ರಲ್ಲಿ ಕಣ್ಮುಚ್ಚುವವರೆಗೆ, ಸಾಮಾನ್ಯ ಹೆಂಗಸರಿಗೆ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಲು ಸವೆಸಿದರು. ತಿಳಿಯದೆ ಕುಳಿತು ಕೇಳುತ್ತಿದ್ದ ಆ ಮುಖಗಳನ್ನು ಅವರು ಮರೆತಿರಲಿಲ್ಲ ಎಂದು ನನ್ನ ಊಹೆ.

ನಿಮ್ಮ ಅತ್ತೆಯವರದು ಬೇರೆ ಕಿವಿ. ಗದಗ ಸೀಮೆಯವರಿಗೆ ಶ್ರಾವಣದಲ್ಲಿ ಮಠದ ಪುರಾಣ ಕೇಳಿ ರೂಢಿ ಇರುತ್ತದೆ. ಅಲ್ಲಿ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಒಂದು ಮಾತು ಜಾರಿದರೂ ಹಿಡಿಯುವ ಕಿವಿ ಅದು, ಮೊಮ್ಮಗಳಿಗೆ ಗೊತ್ತೇ ಇದೆಯಲ್ಲ.

ಆಡಿಯೋ ಬೈಬಲ್ ಹಾಕಿಕೊಡಿ, ಬೇಡವೆನ್ನುವುದಿಲ್ಲ. ನೀವೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮಧ್ಯಾಹ್ನಗಳಿಗೆ ಆಗುತ್ತದೆ. ಆದರೆ ಮೊಬೈಲಿಗೆ "ನಿಲ್ಲವಾ" ಅಂದರೆ ನಿಲ್ಲುವುದಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಯೆಶಾಯನನ್ನು ಗಟ್ಟಿಯಾಗಿ ಓದುತ್ತಿದ್ದ. ಅದಕ್ಕೇ ಓಡಿಬಂದ ಸುವಾರ್ತಿಕ ಫಿಲಿಪ್ಪನಿಗೆ ಕೇಳಿಸಿದ್ದು. ಅಧಿಕಾರಿಗೆ ಸುರುಳಿಯಿತ್ತು, ಓದು ಬರುತ್ತಿತ್ತು. ಇಲ್ಲದಿದ್ದದ್ದು ತಿಳಿಸಿಹೇಳುವ ಒಬ್ಬ ಮನುಷ್ಯ. ಫಿಲಿಪ್ಪ ರಥ ಹತ್ತಿ ಪಕ್ಕದಲ್ಲಿ ಕುಳಿತ. ನಿಮ್ಮ ಮನೆಯಲ್ಲಿ ಆ ಜಾಗ ಖಾಲಿಯಿದೆ. ಮಗಳು ಓದುತ್ತಾಳೆ, ಅಜ್ಜಿ ಕೇಳುತ್ತಾರೆ, ನೀವು ಆ ಹೊತ್ತಿನಲ್ಲಿ ಎಲ್ಲಿರುತ್ತೀರೆಂದು ಪತ್ರದಲ್ಲಿ ಕಾಣಲಿಲ್ಲ.

ನಮ್ಮ ಸಭೆಗಳ ಓದಿನ ಬಗ್ಗೆ ಹೇಳದಿರುವುದೇ ಲೇಸು. ಭಾನುವಾರದ ಪಾಠಗಳನ್ನು ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಓದಿ ಮುಗಿಸುತ್ತೇವೆ. ಹಿಂದಿನ ರಾತ್ರಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಬರುವವರು ಎಷ್ಟು ಮಂದಿ? ಬಸ್ಸಿನ ಹೊತ್ತಾಯಿತೆಂದು ಪತ್ರಿಕೆಯ ಅರ್ಧವನ್ನು ನುಂಗಿದ ಪಾಪ ನನ್ನ ತಲೆಯ ಮೇಲೂ ಇದೆ. ಅಲ್ಲಿ ಪತ್ರಿಕೆ ಎಂದರೆ ಪೌಲನದು, ನಮ್ಮ ಮಾಸಿಕವಲ್ಲ.

ದೀಕ್ಷಾಸ್ನಾನದ ವಿಷಯಕ್ಕೆ ನಿಮ್ಮ ಸಭಾಪಾಲಕರೊಂದಿಗೆ ನೇರ ಮಾತಾಡಿ. ಆ ಹಿರಿಯರನ್ನೂ ಒಂದು ಸಂಜೆ ಚಹಾಕ್ಕೆ ಕರೆಯಿರಿ. ವಾದ ಬೇಡ, ಕಂಬಳಿಯ ಮಾತನ್ನು ಅತ್ತೆಯವರ ಬಾಯಲ್ಲೇ ಕೇಳಿಸಿ. ಈ ಉತ್ತರವನ್ನೂ ಅವರಿಗೆ ಓದಿ ಹೇಳಬೇಕು, ಮಗಳಿಂದಲೇ ಓದಿಸಿ. ಗದಗಿನ ಮಾತನ್ನು ನಾನು ತಪ್ಪಾಗಿ ಬರೆದಿದ್ದರೆ ಅತ್ತೆಯವರು ಹೇಗೂ ತಿದ್ದುತ್ತಾರೆ.